ಬಟ್ಟಲ ತಾಯಿ

ನೆಲ್ಸನ್ ಸ್ಟ್ರೀಟ್, ಲಿವರ್‌ಪೂಲ್
4 ಮಾರ್ಚ್ 1968

ಶ್ರೀಮತಿ ಪ್ಯೂ ಅವರಿಗೆ ಯಿಪ್ ಸಾವ್-ಲಾನ್ ಮಾಡುವ ನಮಸ್ಕಾರಗಳು.

ನಿನ್ನೆ ನೀವು ರೈಲು ಹತ್ತಿದ ಮೇಲೆ ನಮ್ಮ ಹೋಟೆಲಿನಲ್ಲಿ ದೊಡ್ಡ ಪಂಚಾಯ್ತಿಯೇ ನಡೆಯಿತು. ಮೀನಿನ ತಟ್ಟೆಯನ್ನು ತಲೆ ನಿಮ್ಮ ಕಡೆಗೆ ಬರುವ ಹಾಗೆ ಇಟ್ಟಾಗ ನೀವು ಮುಖ ಸಿಂಡರಿಸಿದ್ದನ್ನು ಫೂನ್ ಮಾಮ ನೋಡಿಬಿಟ್ಟಿದ್ದಾರೆ. ನಮ್ಮ ಯಜಮಾನರ ಸೋದರಮಾವ, ಹೋಟೆಲಿನ ಒಡೆಯರು, ಅವರೇ ಕೈಯಾರೆ ತಂದಿಟ್ಟ ಮೀನು ಅದು. "ಏನಮ್ಮಾ, ಮರ್ಯಾದೆ ಕೊಟ್ರೆ ಬೈದಂಗೆ ನೋಡ್ತಾರಲ್ಲ ನಿಮ್ಮ ಪ್ಯೂ ಅಮ್ಮ!" ಎಂದು ಸಂಜೆಯವರೆಗೂ ನನ್ನನ್ನು ಕಾಡಿದರು. ನಾವು ಚೀನೀಯರು ಗೌರವಿಸುವವರ ಕಡೆಗೇ ಮೀನಿನ ತಲೆ ತಿರುಗಿಸುವುದು. ಮುಂದಿನ ತಿಂಗಳು ಬಾಲ ತಿರುಗಿಸಲು ಹೇಳುತ್ತೇನೆ, ಹೆದರಬೇಡಿ.

ಹೆತ್ತವಳು ನಾನು, ಆದರೂ ಯುಕ್-ಲಿನ್ ನಿನ್ನೆಯೂ ನನ್ನ ತೊಡೆಯ ಮೇಲೆ ಕೂರಲಿಲ್ಲ. ಇಡೀ ಮೀನಿನಲ್ಲಿ ಮೆತ್ತಗಿರುವುದು ಕೆನ್ನೆಯ ಚೂರು, ಅದು ಮಕ್ಕಳ ಪಾಲು. ಅದನ್ನು ಬಿಡಿಸಿ ನಾನು ಬಾಯಿಗಿಟ್ಟರೆ ಉಗುಳಿದಳು. ಅದನ್ನೇ ನೀವು ಫೋರ್ಕಿನಲ್ಲಿ ಕೊಟ್ಟರೆ ನುಂಗಿದಳು. ನಮ್ಮ ಯಜಮಾನರು ಅಡುಗೆಮನೆ ಬಾಗಿಲಿನಿಂದ ಇಣುಕಿ, "ಬಿಡೇ, ಮೂರು ವರ್ಷದ ಕೂಸು, ಅದಕ್ಕೇನ್ ಗೊತ್ತಾಗುತ್ತೆ" ಎಂದು ಹೇಳಿ ಒಲೆಯ ಹತ್ತಿರ ಓಡಿದರು. ನನಗೂ ಗೊತ್ತು. ಆದರೂ ನಿಮ್ಮ ಫೋರ್ಕನ್ನು ನೋಡಿ ಹೊಟ್ಟೆಕಿಚ್ಚಾಯಿತು, ಸುಳ್ಳು ಯಾಕೆ ಹೇಳಲಿ.

ಆರು ತಿಂಗಳ ಮಗುವನ್ನು ನಿಮ್ಮ ಕೈಗೆ ಕೊಟ್ಟಾಗ ಒಂದು ವರ್ಷದ ಮಾತು ಅಂದುಕೊಂಡಿದ್ದೆ. ಏನು ಮಾಡಲಿ, ಹಗಲೆಲ್ಲ ನಾವಿಬ್ಬರೂ ಅಡುಗೆಮನೆಯಲ್ಲಿ, ರಾತ್ರಿ ಮೇಲಿನ ಕೋಣೆಯಲ್ಲಿ ಅಡುಗೆಯವರೆಲ್ಲ ಸಾಲಾಗಿ ಮಲಗುತ್ತೇವೆ. ಆ ಎಣ್ಣೆ ಹೊಗೆಯಲ್ಲಿ ಮಗು ಬೆಳೆಯುವುದುಂಟೇ? ನಿಮ್ಮ ರಿಲ್ ಊರಿನಲ್ಲಿ ಸಮುದ್ರದ ಗಾಳಿಯಿದೆ, ಹಿತ್ತಲಿದೆ. ತಿಂಗಳಿಗೊಂದು ಭಾನುವಾರ ಅವಳನ್ನು ಕರೆತಂದು ನಮ್ಮ ಮೇಜಿನಲ್ಲಿ ಕೂರಿಸುತ್ತೀರಲ್ಲ, ಅದಕ್ಕೆ ನಾನು ಋಣಿ.

ನಿಮ್ಮ ಯಜಮಾನರು ಗ್ವಿಲಿಮ್ ಅವರು ತೀರಿಹೋದ ಮೇಲೆ ನೀವು ತುಂಬ ಸೊರಗಿದ್ದೀರಿ. ಮುಂದಿನ ಸಲ ತಾವರೆ ದಂಟಿನ ಸೂಪು ಕಟ್ಟಿಕೊಡುತ್ತೇನೆ.

ಸಾವ್-ಲಾನ್

*

ರಿಲ್, ವೇಲ್ಸ್
20 ಮಾರ್ಚ್ 1968

ಪ್ರಿಯ ಶ್ರೀಮತಿ ಯಿಪ್,

ನಿಮ್ಮ ಮಾಮನವರಿಗೆ ನನ್ನ ಕ್ಷಮೆ ತಿಳಿಸಿ. ಗೌರವ ಬೇಡವೆಂದಲ್ಲ, ಆ ಮೀನು ನನ್ನನ್ನೇ ದಿಟ್ಟಿಸುತ್ತಿತ್ತು. ಕಣ್ಣು ಬಿಟ್ಟುಕೊಂಡು ನೋಡುವುದನ್ನು ತಿನ್ನುವ ಅಭ್ಯಾಸ ನಮ್ಮ ಮನೆಯಲ್ಲಿಲ್ಲ.

ಲಿನ್ ಚೆನ್ನಾಗಿದ್ದಾಳೆ. ಗ್ವಿಲಿಮ್ ಹೋದಾಗಿನಿಂದ ನನ್ನ ಮಂಚದಲ್ಲೇ ಮಲಗುತ್ತಾಳೆ. ಬೆಳಿಗ್ಗೆ ಎದ್ದರೆ ಆ ಕಡೆಯ ದಿಂಬು ಖಾಲಿಯಿರುವುದಿಲ್ಲ. ಅದಕ್ಕಿಂತ ಹೆಚ್ಚಿಗೆ ಹೇಳಲು ನನಗೆ ಬರುವುದಿಲ್ಲ, ನಾವು ಹಾಗೆ ಬೆಳೆದವರಲ್ಲ.

ಮಗುವನ್ನು ನೋಡಿಕೊಳ್ಳುವುದಕ್ಕೆಂದು ನೀವು ಕಳಿಸಿದ ಹಣವನ್ನು ಇದರೊಂದಿಗೆ ವಾಪಸು ಕಳಿಸುತ್ತಿದ್ದೇನೆ. ಇನ್ನು ಮುಂದೆ ದಯವಿಟ್ಟು ಕಳಿಸಬೇಡಿ. ಅವಳಿಗೆ ಊಟ ಹಾಕಿ ಕೂಲಿ ತೆಗೆದುಕೊಳ್ಳುವುದು ನನ್ನಿಂದ ಇನ್ನು ಸಾಧ್ಯವಿಲ್ಲ.

ಎನಿಡ್ ಪ್ಯೂ

*

ನೆಲ್ಸನ್ ಸ್ಟ್ರೀಟ್
2 ಸೆಪ್ಟೆಂಬರ್ 1968

ಎನಿಡ್ ಅಕ್ಕನವರಿಗೆ,

ಇನ್ನು ಮೇಲೆ ಅಕ್ಕ ಅಂತಲೇ ಕರೆಯುತ್ತೇನೆ, ಬೇಡವೆಂದರೂ ಬಿಡುವುದಿಲ್ಲ. ನೀವು ಹಣ ಹಿಂದಿರುಗಿಸಿದ ದಿನ ನಮ್ಮ ಯಜಮಾನರು ಕಾಗದವನ್ನು ಎರಡು ಸಲ ಓದಿಸಿ ಕೇಳಿದರು. "ಇಂಥೋರು ಇದಾರೇನೇ ಈ ದೇಶದಲ್ಲಿ" ಅಂದರು. ನಿಮ್ಮದು ದೊಡ್ಡ ಮನಸ್ಸು ಅಕ್ಕ. ಇದಕ್ಕೆ ತಕ್ಕ ಮರ್ಯಾದೆ ಮಾಡದಿದ್ದರೆ ನಾವು ಮನುಷ್ಯರೇ ಅಲ್ಲ.

ಹೋದ ತಿಂಗಳು ಊಟದ ಹೊತ್ತಿನಲ್ಲಿ ಫೂನ್ ಮಾಮ ಲಿನ್‌ಳನ್ನು ಕೆಣಕಿದ್ದು ನೆನಪಿದೆಯಾ? "ಏನೇ ಪುಟ್ಟಿ, ನಿನ್ ಹೆಸರೇನೇ?" ಅಂದರೆ ಅವಳು ಎದೆ ಉಬ್ಬಿಸಿ "ಲಿನ್ ಪ್ಯೂ!" ಅಂದಳು. ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಅವತ್ತು ನಮ್ಮ ಯಜಮಾನರು ಮಾತ್ರ ಒಂದು ಬಾಣಲೆ ಬೆಳ್ಳುಳ್ಳಿ ಸೀಯಿಸಿದರು, ಆದರೆ ಅದು ಉರಿ ಹೆಚ್ಚಾಗಿ ಆದದ್ದೂ ಇರಬಹುದು.

ಈಗ ವಿಷಯಕ್ಕೆ ಬರುತ್ತೇನೆ. ನಿಮ್ಮನ್ನು ಯುಕ್-ಲಿನ್‌ಗೆ ತಾಯಿ ಮಾಡಿಕೊಳ್ಳಬೇಕೆಂದು ನಾವೆಲ್ಲ ಕೂತು ನಿರ್ಧರಿಸಿದ್ದೇವೆ. ಇದು ಬಾಯಿಮಾತಿನಲ್ಲಿ ಆಗುವುದಲ್ಲ, ನಾಲ್ಕು ಜನರ ಎದುರು, ಊಟ ಹಾಕಿಸಿ, ಮಗುವಿನ ಕೈಯಿಂದ ಚಹಾ ಕೊಡಿಸಿ ಮಾಡಬೇಕು. ನಮ್ಮ ಎಂಟನೇ ತಿಂಗಳ ಹುಣ್ಣಿಮೆ ಈ ಸಲ ಅಕ್ಟೋಬರ್ ಆರಕ್ಕೆ, ಅದೂ ಭಾನುವಾರವೇ ಬಂದಿದೆ. ಅದಕ್ಕಿಂತ ಒಳ್ಳೆಯ ದಿನ ಹುಡುಕಿದರೂ ಸಿಗುವುದಿಲ್ಲ. ನೀವೇನೂ ತರಬೇಡಿ, ಏನು ಮಾಡಬೇಕೆಂದು ಚಿಂತಿಸಬೇಡಿ. ಬಂದು ಕೂತರೆ ಸಾಕು, ಎಲ್ಲ ತಾನಾಗಿ ತಿಳಿಯುತ್ತದೆ.

ಇನ್ನೊಂದು ಸಿಹಿ ಸುದ್ದಿಯೂ ಇದೆ. ಗಟ್ಟಿಯಾಗುವ ಮೊದಲೇ ಹೇಳಿದರೆ ದೃಷ್ಟಿಯಾಗುತ್ತದೆ, ಆಮೇಲೆ ಹೇಳುತ್ತೇನೆ.

ನಿಮ್ಮ ತಂಗಿ ಸಾವ್-ಲಾನ್

*

ರಿಲ್
9 ಅಕ್ಟೋಬರ್ 1968

ಪ್ರಿಯ ಸಾವ್-ಲಾನ್,

ಮೂರು ದಿನದಿಂದ ಈ ಕಾಗದ ಬರೆಯಲು ಕೂರುತ್ತಿದ್ದೇನೆ, ಏಳುತ್ತಿದ್ದೇನೆ.

ಆ ಕೆಂಪು ಬಟ್ಟೆ ಹಾಸಿದ ದುಂಡು ಮೇಜು, ಒಂದು ಮುಗಿಯುವಷ್ಟರಲ್ಲಿ ಇನ್ನೊಂದು ಬರುತ್ತಿದ್ದ ತಟ್ಟೆಗಳು, ನನ್ನ ಬಟ್ಟಲು ಖಾಲಿಯಾಗಲು ಬಿಡದ ನಿಮ್ಮ ಮಾಮ, ಎಲ್ಲವೂ ಕಣ್ಣ ಮುಂದೆಯೇ ಇದೆ. "ತಿನ್ನಿ ಅಮ್ಮಾ, ಇವತ್ತು ಬಾತುಕೋಳಿಗೆ ಕಣ್ಣಿಲ್ಲ, ತೆಗ್ಸಿಬಿಟ್ಟಿದೀನಿ" ಎಂದರಲ್ಲ, ಗ್ವಿಲಿಮ್ ಹೋದ ಮೇಲೆ ನಾನು ಬಾಯ್ತುಂಬ ನಕ್ಕಿದ್ದು ಅದೇ ಮೊದಲು.

ಆಮೇಲೆ ಲಿನ್ ಆ ಪುಟ್ಟ ಕೆಂಪು ಅಂಗಿಯಲ್ಲಿ ನನ್ನ ಮುಂದೆ ಮಂಡಿಯೂರಿ, ನಾಲಿಗೆ ಕಚ್ಚಿಕೊಂಡು, ಚಹಾ ಚೆಲ್ಲದ ಹಾಗೆ ಎರಡೂ ಕೈಯಲ್ಲಿ ಎತ್ತಿ ಕೊಟ್ಟಳು. ಬಟ್ಟಲು, ಊಟದ ಕಡ್ಡಿ, ಪುಟ್ಟ ಶೂ ನನ್ನ ಕೈಗಿಟ್ಟು ಅವಳಿಗೆ ಕೊಡಿಸಿದಿರಿ. ನನಗೆ ತಿಳಿಯಲೆಂದು ಇಂಗ್ಲಿಷಿನಲ್ಲೇ ಗಟ್ಟಿಯಾಗಿ ಹೇಳಿದಿರಿ: "ಇವತ್ತಿಂದ ಇವಳು ನಿಮ್ಮ ಮಗಳು." ಎಲ್ಲರೂ ಚಪ್ಪಾಳೆ ತಟ್ಟಿದರು. ಫೋಟೋ ತೆಗೆಯುವಾಗ ನೀವು ಅಳುತ್ತಿದ್ದಿರಿ.

ಆ ಅಳು ನನಗೆ ಅರ್ಥವಾಯಿತು ಸಾವ್-ಲಾನ್. ನೀವು ಮಾಡಿದ್ದನ್ನು ಮಾಡುವ ಎದೆಗಾರಿಕೆ ನನಗಿಲ್ಲ. ನಿಮಗೆ ನನ್ನ ಮೇಲಿರುವ ನಂಬಿಕೆಗೆ ಕುಂದು ಬರದ ಹಾಗೆ ಅವಳನ್ನು ಬೆಳೆಸುತ್ತೇನೆ. ಫೋಟೋ ಬಂದ ಕೂಡಲೇ ಅಗ್ಗಿಷ್ಟಿಕೆಯ ಮೇಲಿನ ಹಲಗೆಯಲ್ಲಿ ಇಡುತ್ತೇನೆ. ಚಾಪೆಲ್‌ನಲ್ಲಿ ಪ್ರಾರ್ಥನೆಗೆ ಬಂದವರಿಗೆಲ್ಲ ಹೇಳಿದೆ.

ಎನಿಡ್

*

ನೆಲ್ಸನ್ ಸ್ಟ್ರೀಟ್
20 ಫೆಬ್ರವರಿ 1969

ಎನಿಡ್ ಅಕ್ಕನವರಿಗೆ ನಮ್ಮ ಚೀನೀ ಹೊಸ ವರ್ಷದ ಶುಭಾಶಯಗಳು.

ಈಗ ಹೇಳಬಹುದು, ಗಟ್ಟಿಯಾಯಿತು! ನದಿಯಾಚೆ ಬರ್ಕನ್‌ಹೆಡ್‌ನಲ್ಲಿ ನಮಗೆ ಸ್ವಂತ ಅಂಗಡಿ ಸಿಕ್ಕಿದೆ. ಮೀನು, ಚಿಪ್ಸು, ಜೊತೆಗೆ ನಮ್ಮ ಅಡುಗೆ. ಅಂಗಡಿಯ ಮೇಲೆಯೇ ಮನೆ, ಮೂರು ಕೋಣೆ, ಎಲ್ಲವೂ ನಮ್ಮದೇ. ಚಿಕ್ಕ ಕೋಣೆಗೆ ನಮ್ಮ ಯಜಮಾನರು ಹಳದಿ ಬಣ್ಣ ಬಳಿದಿದ್ದಾರೆ. ಗೋಡೆಗಿಂತ ಅವರ ಮೈಮೇಲೇ ಹೆಚ್ಚು ಬಣ್ಣವಿತ್ತು. "ಮಗಳಿಗೆ ಬಿಸಿಲು ಬೀಳೋ ಕೋಣೇನೇ ಬೇಕು" ಎಂದು ಹಟ ಹಿಡಿದಿದ್ದಾರೆ, ನಾವಿಬ್ಬರೂ ಹಿಂದಿನ ಕತ್ತಲೆ ಕೋಣೆಯಲ್ಲಿರುತ್ತೇವೆ.

ಈಸ್ಟರ್‌ಗೆ ಯುಕ್-ಲಿನ್‌ಳನ್ನು ಮನೆಗೆ ಕರೆತರುತ್ತೇವೆ. ಸೆಪ್ಟೆಂಬರ್‌ನಲ್ಲಿ ಇಲ್ಲಿಯ ಶಾಲೆಗೇ ಹಾಕೋಣ. ಅಕ್ಕ, ಹುಣ್ಣಿಮೆಯ ಊಟದ ದಿನ ನಾನು ಅತ್ತಿದ್ದೇಕೆ ಗೊತ್ತೇ? ಈ ಸುದ್ದಿ ನಾಲಿಗೆಯ ತುದಿಗೆ ಬಂದಿತ್ತು, ಹೇಳುವ ಹಾಗಿರಲಿಲ್ಲ. ಅಷ್ಟು ಸಂತೋಷ ತಡೆದುಕೊಂಡು ನನಗೆ ಅಭ್ಯಾಸವಿಲ್ಲ.

ಪ್ರತಿ ಭಾನುವಾರ ನೀವು ಬರಬೇಕು. ನೆಲ್ಸನ್ ಸ್ಟ್ರೀಟಿನಲ್ಲೇ ಊಟ, ಫೂನ್ ಮಾಮ ಮೇಜು ಕಾದಿರಿಸಿಯೇ ಇರುತ್ತಾರೆ. ಅವಳ ಬಟ್ಟೆಬರೆ ಹೆಚ್ಚಿದ್ದರೆ ಹೇಳಿ, ಯಜಮಾನರು ಪರಿಚಯದವರ ವ್ಯಾನು ತರುತ್ತಾರೆ.

ಸಾವ್-ಲಾನ್

*

ರಿಲ್
3 ಮಾರ್ಚ್ 1969

ಪ್ರಿಯ ಶ್ರೀಮತಿ ಯಿಪ್,

ಲಿನ್‌ಗೆ ನಾಯಿಕೆಮ್ಮು ಬಂದಿದೆ. ಈ ತಿಂಗಳು ಬರಲಾಗುವುದಿಲ್ಲ. ನೀವೂ ಬರುವುದು ಬೇಡ, ಅಂಟುರೋಗ.

ಎ. ಪ್ಯೂ

*

ಬರ್ಕನ್‌ಹೆಡ್
14 ಏಪ್ರಿಲ್ 1969

ಎನಿಡ್ ಅಕ್ಕ,

ಮಾರ್ಚಿನ ಭಾನುವಾರ ನೀವು ಬರಲಿಲ್ಲ. ಕೆಮ್ಮಿಗೆ ಒಳ್ಳೆಯದೆಂದು ಒಣ ಪೇರ್ ಹಣ್ಣು ಕಳಿಸಿದೆ, ತಲುಪಿತೋ ಇಲ್ಲವೋ ತಿಳಿಯಲಿಲ್ಲ. ಈಸ್ಟರ್ ಕಳೆಯಿತು. ಬರೆದ ಎರಡು ಕಾಗದಕ್ಕೂ ಉತ್ತರವಿಲ್ಲ. ನಿಮಗೇ ಏನಾದರೂ ಆಯಿತೇನೋ ಎಂದು ಹೆದರಿ, ನಿನ್ನೆ ಫ್ಲಾಸ್ಕಿನಲ್ಲಿ ಸೂಪು ತುಂಬಿಕೊಂಡು ನಾನೇ ರಿಲ್‌ಗೆ ಬಂದೆ.

ಬಾಗಿಲು ತಟ್ಟಿದೆ. ಪರದೆ ಅಲುಗಿತು. ಬಾಗಿಲು ತೆರೆಯಲಿಲ್ಲ. ಪಕ್ಕದ ಮನೆಯಾಕೆ ಹೊರಗೆ ಬಂದು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಅವರಿಲ್ಲ ಕಣಮ್ಮ. ಮಗಳನ್ನ ಕರ್ಕೊಂಡು ತಂಗಿ ಮನೆಗೆ ಹೋಗಿದಾರೆ" ಅಂದಳು. ಯಾವ ಮಗಳು ಎಂದು ಕೇಳಿದೆ. "ಒಬ್ಳೇ ಅಲ್ವಾ ಇರೋದು, ಲಿನ್" ಅಂದಳು.

ಬಾಗಿಲ ಮೆಟ್ಟಿಲ ಮೇಲೆ ತುಂಬ ಹೊತ್ತು ಕೂತಿದ್ದೆ. ಒಳಗಿನಿಂದ ಮಗು ಕೆಮ್ಮಿದ ಹಾಗೆ ಕೇಳಿಸಿತು. ನನ್ನ ಭ್ರಮೆ ಇರಬಹುದು. ಭ್ರಮೆ ಎಂದು ನೀವೇ ಬರೆಯಿರಿ, ನಂಬುತ್ತೇನೆ. ಸೂಪು ಅಲ್ಲೇ ಇಟ್ಟು ಬಂದಿದ್ದೇನೆ.

ಅಕ್ಕ, ನನ್ನಿಂದ ಏನಾದರೂ ತಪ್ಪಾಗಿದೆಯೇ? ಆಗಿದ್ದರೆ ಮುಖಕ್ಕೆ ಹೊಡೆದ ಹಾಗೆ ಹೇಳಿ. ಸುಮ್ಮನಿರಬೇಡಿ.

ಸಾವ್-ಲಾನ್

*

ರಿಲ್
21 ಏಪ್ರಿಲ್ 1969

ಶ್ರೀಮತಿ ಯಿಪ್,

ನಾನು ಒಳಗೇ ಇದ್ದೆ. ಸುಳ್ಳು ಹೇಳುವುದಿಲ್ಲ.

ಫೆಬ್ರವರಿಯ ನಿಮ್ಮ ಕಾಗದ ಓದಿ ಇದೇನು ತಮಾಷೆಯೋ ಎಂದುಕೊಂಡೆ. ಅಷ್ಟು ಜನರ ಎದುರು ಮಗುವನ್ನು ಮಂಡಿಯೂರಿಸಿ, "ಇವತ್ತಿಂದ ಇವಳು ನಿಮ್ಮ ಮಗಳು" ಎಂದು ಹೇಳಿ ಕೊಟ್ಟವರು ನೀವು. ನಾನು ಕೇಳಿರಲಿಲ್ಲ. ಕೇಳುವ ಧೈರ್ಯವೂ ನನಗೆ ಬರುತ್ತಿರಲಿಲ್ಲ. ನೀವಾಗಿಯೇ ಕೊಟ್ಟಿರಿ, ನಾನು ದೇವರಿಗೆ ಕೈಮುಗಿದು ತೆಗೆದುಕೊಂಡೆ. ಅವಳಿಗೂ ಹೇಳಿದೆ. ಈಗ ಅಂಗಡಿಯ ಮೇಲೆ ಕೋಣೆ ಸಿಕ್ಕಿತೆಂದು ವಾಪಸು ಕೇಳುತ್ತೀರಿ. ಮಗು ಎರವಲು ಕೊಟ್ಟ ಪಾತ್ರೆಯೇ?

ಲಿನ್‌ಳನ್ನು ಕಾನೂನಿನ ಪ್ರಕಾರ ದತ್ತು ತೆಗೆದುಕೊಳ್ಳಲು ಅರ್ಜಿ ಹಾಕಿದ್ದೇನೆ.

ಎನಿಡ್ ಪ್ಯೂ

*

ಬರ್ಕನ್‌ಹೆಡ್
23 ಏಪ್ರಿಲ್ 1969

ಎನಿಡ್ ಅಕ್ಕ,

ದೇವರಾಣೆ, ನಾನು ಕೊಡಲಿಲ್ಲ! ಕೊಡಲಿಲ್ಲ, ಕೊಡಲಿಲ್ಲ, ಕೊಡಲಿಲ್ಲ!

ಇದನ್ನು ಬಿಡಿಸಿ ಹೇಳಬೇಕೆಂದು ನನಗೆ ಹೊಳೆಯಲೇ ಇಲ್ಲ. ಚಹಾ ಕೊಟ್ಟರೆ ಕುಡಿಯುವುದು ಎಂದು ಯಾರಾದರೂ ಬಿಡಿಸಿ ಹೇಳುತ್ತಾರೆಯೇ? ಈಗ ಹೇಳುತ್ತೇನೆ, ನಿಧಾನವಾಗಿ ಓದಿ. ನಮ್ಮಲ್ಲಿ ಮಗುವನ್ನು ಪ್ರೀತಿಯಿಂದ ನೋಡಿಕೊಂಡವರಿಗೆ ಆ ಮಗುವಿನ ಕೈಯಿಂದ ಚಹಾ ಕೊಡಿಸುತ್ತಾರೆ. ಅವರು ಬಟ್ಟಲು, ಕಡ್ಡಿ ಕೊಡುತ್ತಾರೆ. ಇನ್ನು ನಿನ್ನ ಊಟದ ಯೋಚನೆ ನನಗೂ ಇದೆ ಎಂದು ಅರ್ಥ. ಆಕೆ ಬಟ್ಟಲ ತಾಯಿ. ಹೆತ್ತವಳು ಹೆತ್ತವಳೇ, ಮಗು ಹೆತ್ತವರ ಮನೆಯಲ್ಲೇ ಬೆಳೆಯುತ್ತದೆ. ಹಬ್ಬಕ್ಕೆ ಬಟ್ಟಲ ತಾಯಿಯ ಮನೆಗೆ ಹೋಗಿ ಕಾಲಿಗೆ ಬೀಳುತ್ತದೆ, ಮದುವೆಯಲ್ಲಿ ಅವಳಿಗೆ ಮೊದಲ ಸಾಲು, ಸತ್ತರೆ ಅವಳಿಗಾಗಿ ಬಿಳಿ ಉಡುತ್ತದೆ. ನೆಲ್ಸನ್ ಸ್ಟ್ರೀಟಿನಲ್ಲಿ ಅರ್ಧ ಮಕ್ಕಳಿಗೆ ಫೂನ್ ಮಾಮನೇ ಬಟ್ಟಲ ತಂದೆ. ಒಂದು ಮಗುವೂ ಅವರ ಮನೆಯಲ್ಲಿ ಮಲಗುವುದಿಲ್ಲ!

ನಾನು ಮಗುವನ್ನು ನಿಮಗೆ ಕೊಟ್ಟಿದ್ದಲ್ಲ ಅಕ್ಕ, ನಿಮ್ಮನ್ನು ನಮ್ಮ ಮನೆಗೆ ಸೇರಿಸಿಕೊಂಡಿದ್ದು. ನಿಮಗೆ ಯಾರೂ ಇಲ್ಲ, ಮಗು ನಮ್ಮ ಮನೆಗೆ ಬಂದ ಮೇಲೆ ನೀವು ಒಂಟಿಯಾಗಬಾರದು ಎಂದೇ ಹಾಗೆ ಮಾಡಿದೆವು. ಅವಳನ್ನು ಕರೆದುಕೊಳ್ಳುವ ಮುನ್ನ ನಿಮಗೊಂದು ಹಕ್ಕು ಕಟ್ಟಿಕೊಡೋಣ ಎಂದು ನಮ್ಮ ಯಜಮಾನರೇ ಹೇಳಿದ್ದು. ಈಗ ಅವರು ನಿಮ್ಮ ಕಾಗದ ಕೇಳಿ, "ಹಂಗಾದ್ರೆ ಆಯಮ್ಮ ನಗ್ತಾ ನಗ್ತಾ ಊಟ ಮಾಡಿದ್ದು ನಮ್ ಮಗಳನ್ನ ತಗೊಂಡು ಹೋಗೋ ಸಂತೋಷಕ್ಕಾ?" ಅಂದರು.

ಅರ್ಜಿ ವಾಪಸು ತೆಗೆದುಕೊಳ್ಳಿ. ತಪ್ಪು ನನ್ನದೇ ಎಂದು ಬೇಕಾದರೆ ಎಲ್ಲರ ಎದುರು ಹೇಳುತ್ತೇನೆ. ನಿಮ್ಮ ಕಾಲಿಗೆ ಬೀಳುತ್ತೇನೆ.

ಸಾವ್-ಲಾನ್

*

ರಿಲ್
10 ಜೂನ್ 1969

ಶ್ರೀಮತಿ ಯಿಪ್,

ನಿಮಗೆ ಬರೆಯಬಾರದೆಂದು ವಕೀಲರು ಹೇಳಿದ್ದಾರೆ. ಇದು ಅವರಿಗೆ ತಿಳಿಯದ ಹಾಗೆ ಬರೆಯುತ್ತಿರುವುದು, ಇದೇ ಕೊನೆ.

ನಿಮ್ಮ ಕಾಗದ ಎಷ್ಟೋ ಸಲ ಓದಿದೆ. ನೀವು ಹೇಳುವುದು ನಿಜವಿರಬಹುದು. ನಿಜವೇ ಇರಬೇಕು, ಅಂಥ ಸುಳ್ಳನ್ನು ಯಾರೂ ಕಟ್ಟಲಾರರು. ಆದರೆ ನಾನು ನಂಬಿ ಆರು ತಿಂಗಳು ಬದುಕಿದ್ದೂ ನಿಜ. ಲಿನ್ ನನ್ನ ಕಿವಿ ಹಿಡಿದುಕೊಂಡೇ ನಿದ್ದೆ ಮಾಡುತ್ತಾಳೆ. ನಿಮ್ಮ ಭಾಷೆ ಅವಳಿಗೆ ಗೊತ್ತಿಲ್ಲ. ನಿಮ್ಮ ಹಳದಿ ಕೋಣೆಯಲ್ಲಿ ಎದ್ದು ಅವಳು ಯಾರನ್ನು ಕರೆಯಬೇಕು?

ಇದೆಲ್ಲ ಅವಳಿಗೋಸ್ಕರ ಎಂದು ವಕೀಲರ ಹತ್ತಿರ ಹೇಳುತ್ತೇನೆ. ನಿಮ್ಮ ಹತ್ತಿರ ಹಾಗೆ ಹೇಳಲು ನಾಚಿಕೆಯಾಗುತ್ತದೆ. ಅವಳಿಲ್ಲದೆ ಈ ಮನೆಯೊಳಗೆ ಇರಲು ನನ್ನಿಂದಾಗುವುದಿಲ್ಲ, ಅಷ್ಟೇ.

ಎನಿಡ್

*

ಬರ್ಕನ್‌ಹೆಡ್
18 ನವೆಂಬರ್ 1969

ಶ್ರೀಮತಿ ಪ್ಯೂ,

ನೀವು ಗೆದ್ದಿರಿ. ಕೋರ್ಟಿನಲ್ಲಿ ಒಂದು ಸಲವಾದರೂ ನನ್ನ ಕಡೆ ನೋಡುತ್ತೀರೇನೋ ಎಂದು ಕಾದೆ, ನೋಡಲಿಲ್ಲ.

ನಮ್ಮ ಹುಣ್ಣಿಮೆ ಊಟದ ಫೋಟೋವನ್ನು ಆ ವಕೀಲ ಎತ್ತಿ ಹಿಡಿದಾಗ ನನಗೆ ಮೊದಲು ಕಂಡದ್ದು ಮೂಲೆಯಲ್ಲಿದ್ದ ಬಾತುಕೋಳಿಯ ತಟ್ಟೆ. ನಾನೇ ಜೋಡಿಸಿದ್ದು. ಫೂನ್ ಮಾಮನನ್ನು ಕರೆದರು. ಪಾಪ, ಮದುವೆಗೆ ಹೊರಟವರ ಹಾಗೆ ಸೂಟು ಹಾಕಿಕೊಂಡು ಬಂದಿದ್ದರು. "ಮಗು ಮಂಡಿ ಊರಿತಾ?" ಎಂದರೆ "ಹೌದು, ಚೆನ್ನಾಗಿ ಊರಿತು" ಅಂದರು. "ತಾಯಿ ಏನಂದ್ರು?" "ಇವತ್ತಿಂದ ನಿಮ್ಮ ಮಗಳು ಅಂದ್ಲು." "ಒತ್ತಾಯ ಇತ್ತಾ?" "ಛೆ ಛೆ, ಎಲ್ಲಾ ಸಂತೋಷವಾಗಿ ಮಾಡಿದ್ದು!" ಎಂದು ಹೆಮ್ಮೆಯಿಂದ ಹೇಳಿದರು. ನಮ್ಮ ಮನೆಯ ಮಾನ ಹೆಚ್ಚಿಸುತ್ತಿದ್ದೇನೆ ಎಂದುಕೊಂಡಿದ್ದರು ಅವರು. ಬಟ್ಟಲ ತಾಯಿ ಎಂದರೇನೆಂದು ವಿವರಿಸಲು ಹೊರಟರೆ, ಕೇಳಿದ್ದಕ್ಕೆ ಮಾತ್ರ ಉತ್ತರಿಸಿ ಎಂದು ಕೂರಿಸಿಬಿಟ್ಟರು.

ನಾನು ಒಪ್ಪಿ ಕೊಟ್ಟು ಆಮೇಲೆ ಮನಸ್ಸು ಬದಲಿಸಿದ ತಾಯಿಯಂತೆ. ಮಗು ನಾಲ್ಕೂ ಚಿಲ್ಲರೆ ವರ್ಷ ನಿಮ್ಮ ಹತ್ತಿರವೇ ಬೆಳೆದಿದೆ, ನೀವು ಒಂದು ಕಾಸೂ ತೆಗೆದುಕೊಳ್ಳುತ್ತಿರಲಿಲ್ಲ, ಹಾಗಾಗಿ ನನ್ನ ನಿರಾಕರಣೆ ನ್ಯಾಯವಲ್ಲವಂತೆ. ನೀವು ಹಣ ಹಿಂದಿರುಗಿಸಿದ ದಿನ ನಿಮ್ಮನ್ನು ದೇವರೆಂದು ಕೊಂಡಾಡಿದೆವಲ್ಲ, ಆ ನೆನಪಿಗೆ ಈಗ ಮೈ ಉರಿಯುತ್ತದೆ. ಇನ್ನು ಕಾನೂನಿನ ಲೆಕ್ಕದಲ್ಲಿ ನಾನು ಅವಳಿಗೆ ಯಾರೂ ಅಲ್ಲ. ಭಾನುವಾರದ ಊಟವೂ ಇಲ್ಲ.

ಅಂಗಡಿ ನಡೆಯುತ್ತಿದೆ. ನಮ್ಮ ಯಜಮಾನರು ಬೆಳಿಗ್ಗೆ ಎದ್ದು ಆಲೂಗಡ್ಡೆ ಹೆಚ್ಚುತ್ತಾರೆ, ಸಂಜೆ ಮುಚ್ಚುತ್ತಾರೆ. ನಿನ್ನೆ ಮಾತ್ರ ಹಳದಿ ಕೋಣೆಗೆ ಅಕ್ಕಿ ಮೂಟೆ ಹೊತ್ತು ಹೋಗಿ ಇಟ್ಟರು, ಐದು ನಿಮಿಷ ಬಿಟ್ಟು ಮತ್ತೆ ಹೊರಗೆ ತಂದರು.

ನಿಮಗೆ ಶಾಪ ಹಾಕೋಣ ಎಂದು ಪೆನ್ನು ಹಿಡಿದೆ. ಹಾಕಿದರೆ ಅವಳಿಗೂ ತಟ್ಟುತ್ತದಲ್ಲ. ಅದಕ್ಕೂ ನೀವು ದಾರಿ ಬಿಟ್ಟಿಲ್ಲ.

ಸಾವ್-ಲಾನ್

*

ಬರ್ಕನ್‌ಹೆಡ್
8 ಫೆಬ್ರವರಿ 1970

ಶ್ರೀಮತಿ ಪ್ಯೂ ಅವರಿಗೆ,

ಇದನ್ನು ಓದದೆ ಒಲೆಗೆ ಹಾಕಬೇಡಿ. ಜಗಳದ ಕಾಗದವಲ್ಲ.

ಮೊನ್ನೆ ನಮ್ಮ ಹೊಸ ವರ್ಷಕ್ಕೆ ನೆಲ್ಸನ್ ಸ್ಟ್ರೀಟಿಗೆ ಹೋಗಿದ್ದೆವು. ಫೂನ್ ಮಾಮ ನಮ್ಮ ಹಳೆಯ ಮೇಜಿನಲ್ಲಿ ಬೇರೆಯವರನ್ನು ಕೂರಿಸಿರಲಿಲ್ಲ, ಮಗುವಿನ ಎತ್ತರದ ಕುರ್ಚಿಯನ್ನೂ ತೆಗೆದಿರಲಿಲ್ಲ. ಕೋರ್ಟಿನ ದಿನದಿಂದ ಅವರು ನನ್ನ ಮುಖ ನೋಡಿ ಮಾತಾಡುವುದಿಲ್ಲ. ಊಟಕ್ಕೆ ಕೂತೆವು. ಮೀನು ಬಂತು. ನಾನು ಕೆನ್ನೆಯ ಚೂರು ಬಿಡಿಸಿ ಕಡ್ಡಿಯಲ್ಲಿ ಹಿಡಿದೆ. ಯಾರ ಬಟ್ಟಲಿಗೆ ಹಾಕಲಿ? ಹಾಗೇ ಹಿಡಿದುಕೊಂಡು ಕೂತುಬಿಟ್ಟೆ. ನಮ್ಮ ಯಜಮಾನರು ಎದ್ದು ಹೊರಗೆ ಹೋದರು.

ಅವಳನ್ನು ನೋಡದಿದ್ದರೆ ನಾನು ಸತ್ತೇಹೋಗುತ್ತೇನೆ. ಹೆಚ್ಚು ಮಾಡಿ ಹೇಳುತ್ತಿಲ್ಲ. ರಸ್ತೆಯಲ್ಲಿ ಐದು ವರ್ಷದ ಹುಡುಗಿ ಕಂಡರೆ ಹಿಂದೆ ಹೋಗುತ್ತೇನೆ. ಹೋದ ವಾರ ಒಬ್ಬ ತಾಯಿ ಪೊಲೀಸರನ್ನು ಕರೆಯುತ್ತೇನೆ ಎಂದು ಹೆದರಿಸಿದಳು.

ಅದಕ್ಕೇ ಒಂದು ಮಾತು ಕೇಳುತ್ತೇನೆ. ಕಾನೂನು ನಿಮ್ಮನ್ನೇ ತಾಯಿ ಎಂದಿದೆ. ಆಗಲಿ, ನೀವೇ ತಾಯಿ. ಕೋರ್ಟಿನಲ್ಲಿ ಇನ್ನು ಹೋರಾಡುವುದಿಲ್ಲ, ಬೇಕಾದರೆ ಬರೆದುಕೊಡುತ್ತೇನೆ. ನನ್ನನ್ನು ಅವಳ ಬಟ್ಟಲ ತಾಯಿ ಮಾಡಿಕೊಳ್ಳಿ.

ನೆಲ್ಸನ್ ಸ್ಟ್ರೀಟಿನಲ್ಲಿ, ಅದೇ ಜನರ ಎದುರು. ತಾಯಿಯ ಜಾಗದಲ್ಲಿ ನೀವು ನಿಂತುಕೊಳ್ಳಿ, ನಾನು ಅವತ್ತು ನೀವು ಕೂತಲ್ಲಿ ಕೂರುತ್ತೇನೆ. ಅವಳು ನನಗೆ ಚಹಾ ಕೊಡಲಿ. ಬಟ್ಟಲು, ಕಡ್ಡಿ, ಶೂ ಎಲ್ಲ ನಾನು ತರುತ್ತೇನೆ. ವರ್ಷಕ್ಕೊಮ್ಮೆ ಹಬ್ಬಕ್ಕೆ ಅವಳನ್ನು ಕಳಿಸಿದರೆ ಸಾಕು. ನೀವೂ ಜೊತೆಗೆ ಬನ್ನಿ, ಪಕ್ಕದಲ್ಲೇ ಕೂತಿರಿ. ಅವಳನ್ನು ಹೆತ್ತವಳು ನಾನೆಂದು ಹೇಳುವುದಿಲ್ಲ, ಹೇಳೆಂದರೂ ಹೇಳುವುದಿಲ್ಲ.

ಅಡುಗೆಮನೆಯಲ್ಲಿ ಇದನ್ನು ಹೇಳಿದರೆ ಎಲ್ಲರೂ ಬೈದರು. "ಹುಚ್ಚು ಹಿಡಿದಿದ್ಯೇನೇ ನಿಂಗೆ? ಹೆತ್ತೋಳೇ ಮಗಳ ಕೈಲಿ ಹಂಗೆ ಚಹಾ ಇಸ್ಕೊಳೋದು ಎಲ್ಲಾದ್ರೂ ಉಂಟಾ?" ಎಂದು ಕೇಳಿದರು. ಎಲ್ಲೂ ಇಲ್ಲ. ನನಗೆ ಗೊತ್ತು.

ಸಾವ್-ಲಾನ್

*

ರಿಲ್
26 ಏಪ್ರಿಲ್ 1970

ಪ್ರಿಯ ಸಾವ್-ಲಾನ್,

ಉತ್ತರಿಸಲು ಇಷ್ಟು ದಿನ ಬೇಕಾಯಿತು. ಎರಡು ಸಲ ಬೇಡ ಎಂದು ಬರೆದೆ, ಅಂಚೆಗೆ ಹಾಕಲಾಗಲಿಲ್ಲ. ವಕೀಲರು ಬೇಡವೆಂದರು. ಚಾಪೆಲ್‌ನವರು, ಆ ಹೆಂಗಸು ಮಗುವನ್ನು ಎತ್ತಿಕೊಂಡು ಓಡಿಹೋಗುತ್ತಾಳೆ, ಹುಷಾರು ಎಂದರು. ಅವಕಾಶ ಸಿಕ್ಕರೆ ನಾನಾದರೂ ಅದನ್ನೇ ಮಾಡುತ್ತಿದ್ದೆ ಎಂದು ಅವರಿಗೆ ಹೇಳಲಿಲ್ಲ.

ಮುಂದಿನ ಭಾನುವಾರ ಬರುತ್ತೇವೆ. ಯಾವಾಗಲೂ ಬರುತ್ತಿದ್ದ ರೈಲಿಗೇ.

ಅವತ್ತು ನಿಮ್ಮ ಮೇಜಿನಲ್ಲಿ ನಾನು ಏನನ್ನೂ ಕೇಳದೆ ಕೂತಿದ್ದೆ. ಈ ಸಲ ಕೇಳುತ್ತಿದ್ದೇನೆ, ದಯವಿಟ್ಟು ಮೊದಲೇ ಬರೆದು ತಿಳಿಸಿ. ತಾಯಿಯ ಜಾಗದಲ್ಲಿ ನಿಂತವಳು ಏನು ಹೇಳಬೇಕು? ನೀವು ಅವತ್ತು ಹೇಳಿದ ಮಾತನ್ನೇ ನಾನೂ ಹೇಳಬೇಕೇ? ಹೇಳುವಾಗ ನನ್ನ ಕೈ ಎಲ್ಲಿರಬೇಕು? ಲಿನ್‌ಗೆ ಚಹಾದ ಬಟ್ಟಲು ಎತ್ತುವುದನ್ನು ಇಲ್ಲಿ ದಿನವೂ ನೀರು ಹಾಕಿ ಅಭ್ಯಾಸ ಮಾಡಿಸುತ್ತಿದ್ದೇನೆ.

ಇನ್ನೊಂದು ವಿಷಯವನ್ನು ನೀವು ಅಲ್ಲಿ ಎದುರಿಗೆ ನೋಡಿ ತಿಳಿಯುವುದಕ್ಕಿಂತ ಈಗಲೇ ಹೇಳುವುದು ಒಳ್ಳೆಯದು. ಅವಳಿಗೆ ನಿಮ್ಮ ನೆನಪಿಲ್ಲ. ಫೋಟೋ ತೋರಿಸಿದೆ. ಮೇಜು ಗುರುತು ಹಿಡಿದಳು, ಮಾಮನನ್ನು ಗುರುತು ಹಿಡಿದಳು. ನಿಮ್ಮ ಮೇಲೆ ಬೆರಳಿಟ್ಟು "ಇವ್ರು ಯಾಕ್ ಅಳ್ತಿದಾರೆ?" ಎಂದಳು. ಭಾನುವಾರ ನೀನು ಚಹಾ ಕೊಡುವುದು ಇವರಿಗೇ ಎಂದೆ. "ಹಂಗಾದ್ರೆ ನಾನು ಇವ್ರನ್ನ ಏನಂತ ಕರೀಲಿ?" ಎಂದು ಕೇಳಿದಳು.

ನಾನು ಉತ್ತರ ಹೇಳಿಲ್ಲ. ಅದನ್ನು ನೀವೇ ಹೇಳಿಕೊಡಿ. ಏನು ಹೇಳಿಕೊಟ್ಟರೂ ನಾನು ಅಡ್ಡ ಬರುವುದಿಲ್ಲ.

ಎನಿಡ್